ಯೂಬಾ ಸಿಟಿಯ ತೋಟಗಳು ಯಾರ ಹೆಸರಿನಲ್ಲಿದ್ದವು?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಯೂಬಾ ಸಿಟಿ ಕಡೆಯ ಪೀಚ್, ವಾಲ್ನಟ್ ತೋಟಗಳನ್ನು ನೋಡಿ ಬಂದು ನೀವು ಎರಡು ವಿಷಯ ಕೇಳಿದ್ದೀರಿ. ಪಂಜಾಬಿನಿಂದ ಕೂಲಿಗೆ ಬಂದವರು ಇಷ್ಟು ಜಮೀನು ಮಾಡಿದ್ದು ಹೇಗೆ? ವೀಸಾದಲ್ಲಿರುವವರೂ ಇಲ್ಲಿ ಜಮೀನು ಕೊಳ್ಳಬಹುದಾ?

ಮೊದಲನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಾತ ಕಟ್ಟಿದ ತೋಟ ಎಂದು ಆ ಮನೆಯವರು ಹೇಳುವುದು ನಿಜವೇ. ಆದರೆ ಪತ್ರದಲ್ಲಿ ತಾತನ ಹೆಸರು ಇರುತ್ತಿದ್ದುದು ಅಪರೂಪ. ಅಮೆರಿಕದ ಪ್ರಜೆಯಾಗಲು ಅರ್ಹರಲ್ಲದವರು ಸಾಗುವಳಿ ಜಮೀನು ಕೊಳ್ಳುವಂತಿಲ್ಲ ಎಂದು ಕ್ಯಾಲಿಫೋರ್ನಿಯಾ 1913ರಲ್ಲಿ ಕಾನೂನು ಮಾಡಿತು. ಮೂರು ವರ್ಷದ ಗುತ್ತಿಗೆಗೆ ಅವಕಾಶವಿತ್ತು, 1920ರಲ್ಲಿ ಅದೂ ಹೋಯಿತು. 1923ರಲ್ಲಿ, ಪೌರತ್ವ ಕೇಳಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರಿಗೆ ಪೌರತ್ವವೇ ಇಲ್ಲ ಎಂದಿತು. ಅಲ್ಲಿಗೆ ಜಮೀನಿನ ಆ ಕಾನೂನು ಅವರಿಗೂ ಅನ್ವಯಿಸಿತು. ಥಿಂಡ್ ಇದೇ ದೇಶದ ಸೈನ್ಯದಲ್ಲಿ ದುಡಿದಿದ್ದವರು! ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಆದರೂ ಅವರು ಉಳುಮೆ ಬಿಡಲಿಲ್ಲ. ನಂಬಿಕಸ್ಥ ಬಿಳಿಯರ ಹೆಸರಿನಲ್ಲಿ ಜಮೀನು ಹಿಡಿದರು. ಎಷ್ಟೋ ಕಡೆ ಬರೀ ಬಾಯಿಮಾತಿನ ಮೇಲೆ. ಊರಿನಿಂದ ಹೆಂಡತಿಯನ್ನು ಕರೆತರಲು 1917ರ ವಲಸೆ ಕಾನೂನು ಅಡ್ಡ ಬಂತು. ಹಾಗಾಗಿ ಹಲವರು ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾದರು. ಇಲ್ಲಿ ಹುಟ್ಟಿದ ಮಕ್ಕಳು ಹುಟ್ಟಿನಿಂದಲೇ ಪ್ರಜೆಗಳು ಅಲ್ವಾ? ಕೆಲವರು ಜಮೀನನ್ನು ಅವರ ಹೆಸರಿಗೇ ಬರೆಸಿದರು. ಮೈಮುರಿದು ದುಡಿಯುವವನು ಅಪ್ಪ, ಕಾಗದದಲ್ಲಿ ಯಜಮಾನ ತೊಟ್ಟಿಲ ಕೂಸು.

1946ರಲ್ಲಿ ಲೂಸ್–ಸೆಲ್ಲರ್ ಕಾಯ್ದೆ ಬಂದು ಪೌರತ್ವದ ಬಾಗಿಲು ತೆರೆಯಿತು. ಆಮೇಲೆ ಜಮೀನು ಅವರವರ ಹೆಸರಿಗೇ ಆಗತೊಡಗಿತು. ಪೀಚ್ ಸಸಿ ಫಸಲಿಗೆ ಬರಲು ಮೂರು–ನಾಲ್ಕು ವರ್ಷ ಬೇಕು. ನಾಳೆ ಏನೋ ಎಂಬ ಭಯವಿದ್ದವನು ಹಣ್ಣಿನ ಗಿಡ ನೆಡಲು ಹೇಗೆ ಧೈರ್ಯ ಮಾಡುತ್ತಾನೆ ಹೇಳಿ. ಏಪ್ರಿಲ್, ಮೇನಲ್ಲಿ ಮತ್ತೊಮ್ಮೆ ಹೋಗಿ ನೋಡಿ. ಮೂರು ಕಾಲಿನ ಏಣಿ ಹತ್ತಿ, ಒತ್ತಾಗಿ ಕಟ್ಟಿದ ಎಳೆಗಾಯಿಗಳನ್ನು ಕೈಯಿಂದಲೇ ಕಿತ್ತು ಬೀಳಿಸುತ್ತಿರುತ್ತಾರೆ. ಉಳಿದ ಕಾಯಿಗಳ ನಡುವೆ ಐದಾರು ಇಂಚು ಜಾಗ ಬಿಟ್ಟರೇನೇ ಹಣ್ಣು ದಪ್ಪವಾಗುವುದು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಕ್ಯಾಲಿಫೋರ್ನಿಯಾದಲ್ಲಿ ಗ್ರೀನ್ ಕಾರ್ಡ್ ಇಲ್ಲದೆಯೂ ಜಮೀನು ಕೊಳ್ಳಬಹುದು. ಆದರೆ ಸಾಗುವಳಿ ಜಮೀನಾದರೆ 90 ದಿನದೊಳಗೆ ಫೆಡರಲ್ ಕೃಷಿ ಇಲಾಖೆಗೆ ವರದಿ ಕೊಡಬೇಕು, 1978ರ ಕಾನೂನು ಅದು. ಮರೆತರೆ ದಂಡ ಬೀಳುತ್ತದೆ. ಬೇರೆ ಕೆಲವು ರಾಜ್ಯಗಳಲ್ಲಿ ನಿಯಮ ಇನ್ನೂ ಬಿಗಿ. ಮಣ್ಣು ನೋಡುವ ಮೊದಲು ನೀರು ವಿಚಾರಿಸಿ. ಕ್ಯಾಲಿಫೋರ್ನಿಯಾದ 2014ರ ಅಂತರ್ಜಲ ಕಾನೂನಿನ ನಂತರ, ಬೋರ್‌ವೆಲ್ ಇದೆ ಅಂತ ಎಲ್ಲೆಡೆ ಬೇಕಾದಷ್ಟು ಎತ್ತುವ ಹಾಗಿಲ್ಲ.