ಉತ್ತರ: ದೆವ್ವ ಬಂದಾಗ ನಗ್ತಾರೆ, ಜೋಕಿಗೆ ಸುಮ್ಮನಿರ್ತಾರೆ, ಏನು ಮಾಡೋದು?

ನಿಮ್ಮ ಪ್ರಶ್ನೆ ಇಷ್ಟು: ಒಂಬತ್ತು ನಿಮಿಷದ ಕಿರುಚಿತ್ರ, ಮಲೆನಾಡಿನ ಹಳೇ ಮನೆ, ರಾತ್ರಿ ಸ್ನಾನಕ್ಕೆ ಹೋದವನಿಗೆ ಬಚ್ಚಲಿನ ಹಂಡೆ ಒಲೆ ಮುಂದೆ ದೆವ್ವ ಕೂತಿರೋದು ಕಾಣುತ್ತೆ. ದೆವ್ವ "ನೀರು ಹದವಾಗಿದೆಯಾ?" ಅಂತ ಕೇಳುತ್ತೆ. ಪರಿಚಯದವರಿಗೆ ತೋರಿಸಿದಾಗ ದೆವ್ವ ಕಂಡ ತಕ್ಷಣ ನಕ್ಕರು, ಆ ಮಾತಿಗೆ ಯಾರೂ ನಗಲಿಲ್ಲ. ಸ್ಕ್ರಿಪ್ಟ್ ಬದಲಿಸಬೇಕಾ ಅಂತ ಕೇಳಿದ್ದೀರಿ. ಬೇಡ, ಮಾತು ಚೆನ್ನಾಗಿದೆ. ನೀವು ಹಾಕಿರುವ ಎರಡು ನಿಮಿಷದ ತುಣುಕಿನಲ್ಲಿ ಕೆಟ್ಟಿರೋದು ಕಟ್ ಮತ್ತು ಸದ್ದು, ಸ್ವಲ್ಪ ಲೈಟು.

ಬಾಗಿಲ ಹಿಂದೆ ಅಡಗಿದ್ದು "ಭೋ" ಅಂದರೆ ಮಗು ಮೊದಲು ಬೆಚ್ಚುತ್ತೆ, ಆಮೇಲೆ ಅಂದವರ ಮುಖ ನೋಡಿ ನಗಬೇಕೋ ಅಳಬೇಕೋ ಅಂತ ತೀರ್ಮಾನ ಮಾಡುತ್ತೆ. ಪ್ರೇಕ್ಷಕರೂ ಅಷ್ಟೇ. ಬೆಚ್ಚುವಿಕೆ ಎರಡಕ್ಕೂ ಒಂದೇ. ಅದರ ನಂತರದ ಅರ್ಧ ಸೆಕೆಂಡಿನಲ್ಲಿ ಪರದೆ ಮೇಲೆ ಏನಿದೆ ಅನ್ನೋದರ ಮೇಲೆ ನಗುವೋ ಭಯವೋ ನಿಂತಿದೆ. ನಿಮ್ಮ ತುಣುಕಿನಲ್ಲಿ ಆ ಅರ್ಧ ಸೆಕೆಂಡಿನಲ್ಲಿ ಇರೋದು ವೈಡ್ ಶಾಟ್: ಬಿಳಿ ಸೀರೆ, ಪೌಡರ್ ಮುಖ, ಮುಂದಿನಿಂದ ಎಲ್‌ಇಡಿ ಪ್ಯಾನೆಲ್, ನಾಲ್ಕು ಸೆಕೆಂಡು ಪೂರ್ತಿ. ವೈಡ್ ಶಾಟ್ ಹಾಸ್ಯದ ಚೌಕಟ್ಟು. ಕೈಕಾಲು, ಇಬ್ಬರ ನಡುವಿನ ದೂರ, ನಿಂತ ಭಂಗಿ ಎಲ್ಲ ಅದರಲ್ಲಿ ಕಾಣಬೇಕು. ದೆವ್ವವನ್ನು ಅಲ್ಲಿಟ್ಟರೆ ವೇಷ ಹಾಕಿದ ಮನುಷ್ಯ ಕಾಣ್ತಾನೆ, ಜನ ನಗ್ತಾರೆ. ಅವರ ತಪ್ಪಲ್ಲ.

ಬೆಂಕಿ ಇರುವ ಒಲೆ ಎದುರಿಗೇ ಇರುವಾಗ ಪ್ಯಾನೆಲ್ ಯಾಕೆ? ಒಂದು ದಿನ ರೀಶೂಟ್ ಸಾಧ್ಯವಿದ್ದರೆ ಪ್ಯಾನೆಲನ್ನು ಒಲೆಯ ಪಕ್ಕ ನೆಲದ ಮಟ್ಟಕ್ಕಿಳಿಸಿ, ಕಿತ್ತಳೆ ಜೆಲ್ (ಲೈಟಿನ ಮುಂದೆ ಕಟ್ಟುವ ಬಣ್ಣದ ಹಾಳೆ) ಹಾಕಿ, ಕೆಳಗಿನಿಂದ ಮಾತ್ರ ಬೆಳಕು ಬಿಡಿ. ಹಬೆ ಕಾಣಬೇಕಾದರೆ ಅದರ ಹಿಂದಿನಿಂದ ಇನ್ನೊಂದು ಸಣ್ಣ ಲೈಟು. ಮುಂದಿನಿಂದ ಬಿಟ್ಟರೆ ಹಬೆ ಬರೀ ಮಂಕಾಗಿ ಕಾಣುತ್ತೆ. ಮುಖ ಬೇಡ. ಸೌದೆಯನ್ನು ಒಲೆಗೆ ತಳ್ಳುವ ಒಂದು ಕೈ ಸಾಕು. ಹಜಾರದ ಟ್ಯೂಬ್‌ಲೈಟಿನ ಶಾಟಿನಲ್ಲಿ ಪಟ್ಟೆ ಓಡ್ತಿದೆ, ಅದೂ ಕಾಣಿಸ್ತು. ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಲೆಕ್ಕದಲ್ಲಿ ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, 1/48 ಸೆಕೆಂಡು ಇಟ್ಟಿರಬೇಕು. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟು ಅದರ ತಾಳಕ್ಕೇ ಮಿನುಗುತ್ತೆ, ಹಾಗಾಗಿ 1/50 ಇಡಿ, ಕ್ಯಾಮೆರಾ ಶಟರನ್ನು ಕೋನದ ಲೆಕ್ಕದಲ್ಲಿ ತೋರಿಸಿದರೆ 172.8 ಡಿಗ್ರಿ.

ರೀಶೂಟ್ ಆಗಲ್ಲ ಅಂದರೆ ಇರುವ ಶಾಟನ್ನೇ 14–16 ಫ್ರೇಮಿಗೆ ಕತ್ತರಿಸಿ, ಕಾಂಟ್ರಾಸ್ಟ್ ಏರಿಸಿ ಮುಖ ಕತ್ತಲಿಗೆ ತಳ್ಳಿ, ತಕ್ಷಣ ಹುಡುಗನ ಮುಖಕ್ಕೆ ಕಟ್ ಮಾಡಿ.

ಈಗ ಮಾತು. ದೆವ್ವ ಕಂಡ ಮೇಲೆ ಹತ್ತೇ ಫ್ರೇಮಿಗೆ ಡೈಲಾಗ್ ಇಟ್ಟಿದ್ದೀರಿ. ಬೆಚ್ಚಿದ ಜನ ಎರಡು ಮೂರು ಸೆಕೆಂಡು ಪಕ್ಕದವರ ಕಡೆ ತಿರುಗಿ ಏನೋ ಅಂತಿರ್ತಾರೆ, ಆ ಗದ್ದಲದಲ್ಲಿ ಮಾತು ಮುಳುಗಿಹೋಗುತ್ತೆ. ಆದರೆ ಗ್ಯಾಪ್ ಹೆಚ್ಚಿಸೋದಕ್ಕಿಂತ ಒಳ್ಳೇ ದಾರಿ ಇದೆ, ಕ್ರಮವನ್ನೇ ತಿರುಗಿಸಿ. ಮೊದಲು ಹಜಾರದಲ್ಲಿ ಗೆಳೆಯ ಗೊರಕೆ ಹೊಡೆಯುತ್ತಾ ಮಲಗಿರೋದನ್ನು ಮೂರು ಸೆಕೆಂಡು ತೋರಿಸಿ. ಆಮೇಲೆ ಬಚ್ಚಲು: ಹುಡುಗ ಮುಖಕ್ಕೆ ಸೋಪು ಹಾಕಿಕೊಂಡು ಕಣ್ಣು ಮುಚ್ಚಿದ್ದಾನೆ. ಹಿಂದಿನಿಂದ, "ನೀರು ಹದವಾಗಿದೆಯಾ?" ಅವನು ಗೆಳೆಯ ಅಂದುಕೊಂಡು, "ಇನ್ನೊಂಚೂರು ಬಿಸಿ ಇರ್ಲಿ ಮಾರಾಯ." ಒಲೆಗೆ ಸೌದೆ ಬೀಳುವ ಸದ್ದು. ಇಲ್ಲಿ ನಗು ಬರುತ್ತೆ, ಯಾಕಂದರೆ ನಮಗೆ ಗೊತ್ತಿರೋದು ಅವನಿಗೆ ಗೊತ್ತಿಲ್ಲ. ಭಯವೂ ಅದೇ ಕಾರಣಕ್ಕೆ ಬರುತ್ತೆ. ನಕ್ಕು ಮುಗಿಯಲು 40 ಫ್ರೇಮ್ ಬಿಡಿ. ಆ ಹೊತ್ತಿನಲ್ಲಿ ಅವನು ಚೊಂಬಿಗಾಗಿ ಕೈ ತಡಕಾಡಲಿ, ಚೊಂಬು ತಾನಾಗೇ ಕೈಗೆ ಸಿಗಲಿ. ಆಮೇಲೆ ದೂರದಿಂದ ಗೊರಕೆ. ಅವನ ಕೈ ನಿಲ್ಲುತ್ತೆ. ಕಣ್ಣಿನ ಮೇಲಿನ ನೊರೆ ಇಳಿಯುವವರೆಗೆ ಕಟ್ ಮಾಡಬೇಡಿ. ಗೊರಕೆಯನ್ನು ಮೊದಲೇ ಕೇಳಿಸಿದ್ದರೆ ಮಾತ್ರ ಇದು ಕೆಲಸ ಮಾಡುತ್ತೆ, ಮರೀಬೇಡಿ.

ಒಂದೇ ಸದ್ದು ಭಯ, ನಗು ಎರಡರ ಕೆಲಸವನ್ನೂ ಮಾಡೋದಕ್ಕೆ ಹಳೇ ಪಾಠ 1942ರ ಹಾಲಿವುಡ್ ಸಿನಿಮಾ 'ಕ್ಯಾಟ್ ಪೀಪಲ್'. ರಾತ್ರಿ ಒಂಟಿ ಹೆಂಗಸು, ಹಿಂದೆ ಹೆಜ್ಜೆ ಸದ್ದು, ಅದು ನಿಲ್ಲುತ್ತೆ, ಮೌನ, ಆಮೇಲೆ ಮೃಗ ಬುಸುಗುಟ್ಟಿದಂಥ ಸದ್ದು. ನೋಡಿದರೆ ಬಸ್ಸು ಬಂದು ನಿಂತಿರುತ್ತೆ. ನಿರ್ಮಾಪಕ ವಾಲ್ ಲ್ಯೂಟನ್ ಹೆಸರಿನಲ್ಲಿ ಈ ತಂತ್ರಕ್ಕೆ 'ಲ್ಯೂಟನ್ ಬಸ್' ಅಂತಲೇ ಹೆಸರು ಬಿತ್ತು. ಒಂಬತ್ತು ನಿಮಿಷದಲ್ಲಿ ಇದನ್ನು ಒಂದೇ ಸಲ ಬಳಸಿ. ನಿಮ್ಮಲ್ಲಿ ಬೆಕ್ಕೂ ಇದೆ, ಮೊಬೈಲ್ ರಿಂಗೂ ಇದೆ. ಬೆಕ್ಕು ತೆಗೀರಿ. ಎರಡು ಸಲ ಮೋಸಹೋದವರು ಮೂರನೇದು ನಿಜವಾದಾಗಲೂ ನಂಬಲ್ಲ.

ಸದ್ದಿನ ಮಟ್ಟ: ಎಡಿಟಿಂಗ್ ಮೀಟರಿನಲ್ಲಿ ಸೊನ್ನೆ ಡೆಸಿಬೆಲ್ ಅಂದರೆ ಗರಿಷ್ಠ, ಮಾತಿನ ಪೀಕ್ (ಅತಿ ಜೋರಿನ ಜಾಗ) ಮೈನಸ್ 12 ಆಸುಪಾಸು ಇರಲಿ, ಬೆಚ್ಚಿಸುವ ಸದ್ದು ಮೈನಸ್ 4 ದಾಟದಿರಲಿ. ಜೋರು ಮಾಡೋದಕ್ಕಿಂತ ಅದಕ್ಕೆ ಮುಂಚಿನ ಎರಡು ಸೆಕೆಂಡು ಇಳಿಸೋದು ಮುಖ್ಯ. ಆದರೆ ಪೂರ್ತಿ ನಿಶ್ಶಬ್ದ ಮಾಡಬೇಡಿ, ಸ್ಪೀಕರ್ ಹೋಯಿತು ಅಂದುಕೊಳ್ತಾರೆ. ಯಾರೂ ಮಾತಾಡದಿರುವಾಗಿನ ಬಚ್ಚಲಿನ ಖಾಲಿ ಸದ್ದನ್ನು ಒಂದು ನಿಮಿಷ ಬೇರೆ ರೆಕಾರ್ಡ್ ಮಾಡಿ ಕೆಳಗೆ ಹಾಸಿ, ಒಲೆಯ ಚಟಪಟವನ್ನು ಮಾತ್ರ ನಿಧಾನ ಹಿಂದಕ್ಕೆಳೀರಿ. ನೀವು ಹಾಕಿರುವ ಗುಂಯ್ ಅನ್ನೋ ಸದ್ದು ಹೆಡ್‌ಫೋನಿನಲ್ಲಿ ಚೆನ್ನಾಗಿದೆ. ಮೊಬೈಲ್ ಸ್ಪೀಕರಿನಲ್ಲಿ 200 ಹರ್ಟ್ಸಿಗಿಂತ ಕೆಳಗಿನ ದಪ್ಪ ಸದ್ದು ಹೆಚ್ಚುಕಮ್ಮಿ ಬರೋದೇ ಇಲ್ಲ, ಅಲ್ಲಿ ನಿಮ್ಮ ಭಯವೇ ಮಾಯ. ಅಲ್ಲೂ ಕೇಳುವ ಹಾಗೆ ಜೊತೆಗೆ ಬಾವಿ ರಾಟೆ ಕಿರುಗುಟ್ಟುವ ಸದ್ದು ಸಣ್ಣಗೆ ಸೇರಿಸಿ.

'ಟೊಯ್ಂ ಟೊಯ್ಂ' ಕಾಮಿಡಿ ಮ್ಯೂಸಿಕ್ ಪೂರ್ತಿ ತೆಗೀಲೇಬೇಕು. ಇಲ್ಲಿ ಅಪಾಯ ಇಲ್ಲ, ನಗಿ ಅಂತ ಅದು ಮೊದಲೇ ಹೇಳಿಬಿಡುತ್ತೆ. 1981ರ 'ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್'ನಲ್ಲಿ ಹುಡುಗ ತೋಳವಾಗುವಾಗ ಚಂದ್ರನ ಮೇಲಿನ ಹಳೇ ಮಧುರ ಹಾಡು ಓಡುತ್ತೆ, ಮೂಳೆ ಹಿಗ್ಗುವ ನೋವು ಮಾತ್ರ ನಿಜದಂತಿರುತ್ತೆ. ಇದು ತಮಾಷೆ ಅಂತ ಹಾಡು ಕಣ್ಣು ಮಿಟುಕಿಸಲ್ಲ. ಅದು ಬೆಳಕಿರುವ ಕೋಣೆಯಲ್ಲೇ ನಡೆಯುತ್ತೆ, ಹಾಗಾದರೆ ನಮಗ್ಯಾಕೆ ಕತ್ತಲು ಅಂತ ಕೇಳಬೇಡಿ. ರಿಕ್ ಬೇಕರ್ ಮೇಕಪ್ಪಿಗೆ ಆಸ್ಕರ್ ಬಂದ ಕೆಲಸ ಅದು, ನಮ್ಮದು ಟಾಲ್ಕಂ ಪೌಡರ್. ನಟನಿಗೂ ಇದೇ ಮಾತು: ತಾನು ಕಾಮಿಡಿಯಲ್ಲಿದ್ದೇನೆ ಅನ್ನೋದು ಅವನಿಗೆ ಗೊತ್ತಿರಬಾರದು. ಕಣ್ಣು ಅಗಲಿಸಿ ಬಾಯಿ ತೆರೆದು ನಿಂತ ಟೇಕ್ ಬಳಸಬೇಡಿ.

ದೆವ್ವದ ನಿಯಮ ಗಟ್ಟಿಯಾಗಿರಬೇಕು, ತಮಾಷೆ ಜನ ಆ ನಿಯಮಕ್ಕೆ ಹೊಂದಿಕೊಳ್ಳೋದರಲ್ಲಿರಬೇಕು. ಬೆಂಗಳೂರಿನಲ್ಲಿ ತೊಂಬತ್ತರ ದಶಕದಲ್ಲಿ ಹಬ್ಬಿದ 'ನಾಳೆ ಬಾ' ವದಂತಿ ನೋಡಿ. ಮನೆಯವರ ದನಿಯಲ್ಲೇ ಬಾಗಿಲು ತಟ್ಟುವ ದೆವ್ವ ಭಯಂಕರ. ಆದರೆ ಜನ ಗೋಡೆ ಮೇಲೆ ಬರೆದಿಟ್ಟ 'ನಾಳೆ ಬಾ' ಓದಿ, ಒಪ್ಪಿ, ವಾಪಸ್ ಹೋಗಿ, ಮರುದಿನ ಬಂದು ಅದನ್ನೇ ಓದುತ್ತೆ! 2018ರ ಹಿಂದಿ 'ಸ್ತ್ರೀ' ಈ ನಿಯಮವನ್ನು ಮಧ್ಯಪ್ರದೇಶದ ಚಂದೇರಿಗೆ ಒಯ್ದು, ಕೊನೆಯವರೆಗೆ ಗೋಡೆ ಬರಹವನ್ನೇ ಆಡಿಸಿತು. ನಿಮ್ಮ ದೆವ್ವ ನೀರು ಕಾಯಿಸುತ್ತೆ. ಹಾಗಾದರೆ ಕೊನೆಯವರೆಗೂ ಅದನ್ನೇ ಮಾಡಲಿ, ಏಳನೇ ನಿಮಿಷದಲ್ಲಿ ಗೋಡೆ ಹತ್ತೋದು ಬೇಡ.

ಇನ್ನೊಂದು, ಒಂದು ಡೈಲಾಗಿನಲ್ಲಿ 'ಭೂತ' ಅಂತ ಗೇಲಿ ಇದೆ. ಕರಾವಳಿಯಲ್ಲಿ ಭೂತ ಅಂದರೆ ಪೂಜೆಗೊಳ್ಳುವ ದೈವ. 'ದೆವ್ವ' ಅಂತ ಡಬ್ ಮಾಡಿಬಿಡಿ.

ಮುಂದಿನ ಸಲ ತೋರಿಸುವಾಗ ಒಂದು ಮೊಬೈಲನ್ನು ಜನರ ಮುಖದ ಕಡೆ ಇಟ್ಟು ರೆಕಾರ್ಡ್ ಮಾಡಿ, ಆ ವಿಡಿಯೋವನ್ನು ಟೈಮ್‌ಲೈನಿನಲ್ಲಿ ನಿಮ್ಮ ಸಿನಿಮಾದ ಮೇಲೆ ಕೂರಿಸಿ. ನಗು ಶುರುವಾದ ಫ್ರೇಮ್, ನಿಂತ ಫ್ರೇಮ್ ಎರಡಕ್ಕೂ ಮಾರ್ಕರ್ ಹಾಕಿ. ಆ ತುಣುಕು ಇಲ್ಲಿ ಹಾಕಿದರೆ ಬಚ್ಚಲು ದೃಶ್ಯದ ಕಟ್ ಪಾಯಿಂಟ್ ಫ್ರೇಮ್ ಲೆಕ್ಕದಲ್ಲಿ ಹೇಳಬಹುದು. ನೋಡುವವರು ನಿಮ್ಮ ತಂಡದ ಗೆಳೆಯರಾಗಿರೋದು ಬೇಡ. ಪೌಡರ್ ಹಾಕಿಕೊಂಡವರ ಪರಿಚಯ ಇದ್ದರೆ ಹೇಗಿದ್ದರೂ ನಗ್ತಾರೆ.