ಟಿಕೆಟ್ ಎಲ್ಲ ಮಾರಾಟವಾದರೂ ಸಮುದಾಯ ರಂಗಮಂದಿರ ದೇಣಿಗೆ ಕೇಳುವುದೇಕೆ?

ಟಿಕೆಟ್ ಹಣ ಸಾಮಾನ್ಯವಾಗಿ ಖರ್ಚಿನ ಒಂದು ಪಾಲನ್ನಷ್ಟೇ ತುಂಬುತ್ತದೆ, ಅದಕ್ಕೇ. ಯಂತ್ರ ಬಂದರೆ ಕಾರ್ಖಾನೆಯಲ್ಲಿ ಅಷ್ಟೇ ಜನ ಜಾಸ್ತಿ ಸರಕು ಮಾಡುತ್ತಾರೆ. ನಾಟಕದಲ್ಲಿ ಹಾಗಲ್ಲ: ಹತ್ತು ಪಾತ್ರದ ನಾಟಕಕ್ಕೆ ನೂರು ವರ್ಷದ ಹಿಂದೆಯೂ ಹತ್ತು ಜನ ಬೇಕಿತ್ತು, ಈಗಲೂ ಬೇಕು. ತಾಲೀಮನ್ನೂ ಸುಮ್ನೆ ಮೊಟಕು ಮಾಡಲಾಗದು. ಆದರೆ ಸಂಬಳಕ್ಕಿರುವ ಕೆಲವರ ಸಂಬಳ, ಬಾಡಿಗೆ ಏರುತ್ತಲೇ ಇರುತ್ತವೆ. ಬೌಮಲ್ ಮತ್ತು ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು 1966ರಲ್ಲೇ ಇದನ್ನು ವಿವರಿಸಿದ್ದರು.

ಟಿಕೆಟ್ ದರ ಏರಿಸಬಹುದಲ್ವಾ? ಏರಿಸಿದರೆ ಅಕ್ಕಪಕ್ಕದವರೇ ಬರಲಾರರು. ಇದು ನನಗೆ ದೊಡ್ಡ ನಷ್ಟ ಅನ್ನಿಸುತ್ತದೆ. ಏಕೆಂದರೆ ಇಲ್ಲಿ ನಟಿಸುವವರು, ಪರದೆ ಕಟ್ಟುವವರು ಬಹುಪಾಲು ಅವರೇ, ಅದೂ ಸಂಬಳವಿಲ್ಲದೆ. ವಯಸ್ಸು, ಕೆಲಸ ಬೇರೆಯಾದ ಜನ ವಾರಗಟ್ಟಲೆ ಜೊತೆಗೆ ದುಡಿಯುವ ಜಾಗ ಊರಲ್ಲಿ ಇನ್ನೆಷ್ಟಿದೆ? ಇಂಥ ರಂಗಮಂದಿರ ಸಾಮಾನ್ಯವಾಗಿ ಲಾಭರಹಿತ ಸಂಸ್ಥೆ; ಅದರಲ್ಲಿ ಹಣ ಉಳಿದರೂ ಯಾರೂ ಹಂಚಿಕೊಳ್ಳುವಂತಿಲ್ಲ. ಅದು ಮುಂದಿನ ನಾಟಕಕ್ಕೆ, ಕಟ್ಟಡಕ್ಕೆ ಹೋಗಬೇಕು.