ಫ್ಲೂಯಿಡ್ ಮೆಕ್ಯಾನಿಕ್ಸ್ ಸೂತ್ರ ಬರುತ್ತೆ, ಲೆಕ್ಕ ಬರಲ್ಲ. ಏನು ಮಾಡಲಿ?

ಸೂತ್ರಗಳೆಲ್ಲ ಬಾಯಿಪಾಠ ಆಗಿವೆ, ಲೆಕ್ಕ ಕೊಟ್ಟರೆ ಎಲ್ಲಿಂದ ಶುರು ಮಾಡಬೇಕೋ ತಿಳಿಯಲ್ಲ ಅಂದಿದ್ದೀರಿ. ನಂದೂ ಅದೇ ಕಥೆ. ಮೊದಲ ಇಂಟರ್ನಲ್ಸ್‌ನಲ್ಲಿ ಕಂಡ ಪ್ರಶ್ನೆಗೆಲ್ಲ ಬರ್ನೌಲಿ ಸಮೀಕರಣ (ಹರಿಯುವ ದ್ರವದ ಒತ್ತಡ, ವೇಗ, ಎತ್ತರಗಳನ್ನು ಜೋಡಿಸುವ ಸೂತ್ರ) ಹಾಕಿ ಬಂದಿದ್ದೆ. ಬಂದ ಮಾರ್ಕ್ಸ್ ಮಾತ್ರ ಕೇಳಬೇಡಿ.

ವಿಷಯ ಹಿಡಿತಕ್ಕೆ ಬಂದದ್ದು ಬಚ್ಚಲುಮನೆಯಲ್ಲಿ. ತಾರಸಿ ಮೇಲಿನ ಟ್ಯಾಂಕಿನ ನೀರಿಗಿಂತ ನಮ್ಮ ನಲ್ಲಿ ಸುಮಾರು 10 ಮೀಟರ್ ಕೆಳಗಿತ್ತು. ಬರ್ನೌಲಿ ಪ್ರಕಾರ ನೀರಿನ ವೇಗ ಸೆಕೆಂಡಿಗೆ 14 ಮೀಟರ್. ಅಂದರೆ ಗಂಟೆಗೆ 50 ಕಿ.ಮೀ.! ನಮ್ಮೂರ ಸಿಟಿ ಬಸ್ಸೂ ಅಷ್ಟು ಓಡಲ್ಲ. 15 ಮಿ.ಮೀ. ನಲ್ಲಿಯಲ್ಲಿ ಆ ವೇಗಕ್ಕೆ ನೀರು ಬಂದರೆ 15 ಲೀಟರ್ ಬಕೆಟ್ 6 ಸೆಕೆಂಡಲ್ಲಿ ತುಂಬಬೇಕು. ಮೊಬೈಲ್ ಹಿಡಿದು ಟೈಮ್ ನೋಡಿದೆ. ತುಂಬೋಕೆ ಒಂದು ನಿಮಿಷ ಬೇಕಾಯಿತು.

ಹಾಗಾದರೆ ನಿಜವಾದ ವೇಗ ಸೆಕೆಂಡಿಗೆ 1.4 ಮೀಟರ್. ಅದರ ವರ್ಗವನ್ನು 2gಯಿಂದ (g ಅಂದರೆ ಗುರುತ್ವ ವೇಗೋತ್ಕರ್ಷ) ಭಾಗಿಸಿದರೆ ಹೆಡ್, ಅಂದರೆ ಆ ವೇಗಕ್ಕೆ ಬೇಕಾದ ನೀರಿನ ಎತ್ತರ, ಬರೀ 10 ಸೆಂ.ಮೀ. ಉಳಿದ 9.9 ಮೀಟರ್ ಎಲ್ಲಿ ಹೋಯಿತು? ತುಕ್ಕು ಹಿಡಿದ ಹಳೇ ಜಿಐ ಪೈಪು, ಎಲ್ಬೋಗಳು, ವಾಲ್ವು ಎಲ್ಲ ಸೇರಿ ತಿಂದುಹಾಕಿದ್ದವು. ಬರ್ನೌಲಿಯದೇನೂ ತಪ್ಪಿಲ್ಲ. ಘರ್ಷಣೆ ಇಲ್ಲ ಅಂತ ಮೊದಲೇ ಹೇಳಿಬಿಟ್ಟ ಸಮೀಕರಣ ಅದು. ಷರತ್ತು ಓದದೆ ಸಹಿ ಹಾಕಿದವನು ನಾನು.

ಅದೇ ನೀರಿಗೆ ರೆನಾಲ್ಡ್ಸ್ ಸಂಖ್ಯೆ (ಹರಿವು ಶಾಂತವೋ ಕದಡಿದ್ದೋ ಹೇಳುವ ಸಂಖ್ಯೆ) ಹಾಕಿದರೆ ಸುಮಾರು 21,000. ಪೈಪಿನಲ್ಲಿ 2,000ದ ಒಳಗೆ ಲ್ಯಾಮಿನಾರ್ (ಶಾಂತ ಹರಿವು), 4,000 ದಾಟಿದರೆ ಟರ್ಬುಲೆಂಟ್ (ಕದಡಿದ ಹರಿವು) ಅಲ್ವಾ? ಹಾಗಾಗಿ ಫ್ರಿಕ್ಷನ್ ಫ್ಯಾಕ್ಟರ್‌ಗೆ (ಪೈಪಿನ ಘರ್ಷಣೆಯ ಅಳತೆಗೆ) 64 ಭಾಗಿಸು ರೆನಾಲ್ಡ್ಸ್ ಸಂಖ್ಯೆ ಅನ್ನೋ ಲ್ಯಾಮಿನಾರ್ ಸೂತ್ರ ಇಲ್ಲಿ ನಡೆಯಲ್ಲ, ಆ ಫ್ಯಾಕ್ಟರ್ ಓದಿಕೊಳ್ಳೋ ಮೂಡಿ ಚಾರ್ಟ್ ನೋಡಬೇಕು. 1883ರಲ್ಲಿ ವಿಜ್ಞಾನಿ ರೆನಾಲ್ಡ್ಸ್ ಗಾಜಿನ ಕೊಳವೆಯೊಳಗೆ ಬಣ್ಣದ ಎಳೆ ಬಿಟ್ಟು ಈ ವ್ಯತ್ಯಾಸ ತೋರಿಸಿದ. ನೀವು ನಲ್ಲಿಯನ್ನು ಚೂರುಚೂರೇ ತಿರುಗಿಸಿ ನೋಡಿ. ಮೊದಲು ಗಾಜಿನ ಕಡ್ಡಿಯ ಹಾಗೆ ಇಳಿಯುವ ನೀರು ಆಮೇಲೆ ಕದಡುತ್ತೆ.

ಲೆಕ್ಕಕ್ಕೆ ಕೂತಾಗ ಸೂತ್ರ ಬರೆಯೋ ಮೊದಲು ಚಿತ್ರ ಬರೆಯಿರಿ. ಸುತ್ತ ಚುಕ್ಕೆಗೆರೆ ಎಳೆದು ಕಂಟ್ರೋಲ್ ವಾಲ್ಯೂಮ್ (ಲೆಕ್ಕಕ್ಕೆ ತಗೊಳ್ಳೋ ಜಾಗ) ಗುರುತಿಸಿ, ಏನು ಒಳಗೆ ಬರುತ್ತೆ, ಏನು ಹೊರಗೆ ಹೋಗುತ್ತೆ ಬರೆದುಕೊಳ್ಳಿ. ನಡುವೆ ಪಂಪ್ ಇದ್ದರೆ ಅದರ ಹೆಡ್ ಸೇರಿಸಿ. ನಾನು ಇದನ್ನ ಮರೆತು ಒಂದು ಪೂರ್ತಿ ಪ್ರಶ್ನೆ ಕಳಕೊಂಡಿದ್ದೇನೆ.

ಮತ್ತೆ, ಲ್ಯಾಬಲ್ಲಿ ಪೈಪಿನ ಹರಿವು ಅಳೆಯೋ ವೆಂಚುರಿಮೀಟರ್ ರೀಡಿಂಗನ್ನು ಸೀನಿಯರ್ ರೆಕಾರ್ಡಿನಿಂದ ಸುಮ್ನೆ ಕಾಪಿ ಮಾಡಬೇಡಿ. Cd (ನಿಜವಾದ ಹರಿವು ಭಾಗಿಸು ಸೂತ್ರದ ಹರಿವು) 1ಕ್ಕಿಂತ ಜಾಸ್ತಿ ಬಂದರೆ ಗಾಬರಿ ಬೇಡ, ಮೊದಲು ಒತ್ತಡದ ವ್ಯತ್ಯಾಸ ತೋರಿಸೋ ಮ್ಯಾನೋಮೀಟರ್ ಟ್ಯೂಬಲ್ಲಿ ಗಾಳಿಗುಳ್ಳೆ ಕೂತಿದೆಯಾ ನೋಡಿ.